ಫೋನು ಗೊತ್ತು ಮಾಡಿದ ಮದುವೆ

ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಯಂಕಂಚಿಯ ಚಮನಸಾಬನ ಫೋನಿನಿಂದ ಆರು ನೂರ ಹನ್ನೆರಡು ಮಂದಿಗೆ ಮದುವೆ ಕಾರ್ಡು ಹೋಯಿತು. ಚಮನಸಾಬ ಅದನ್ನು ಕಳಿಸಿರಲಿಲ್ಲ. ಅವನ ಮನೆಯಲ್ಲಿ ಮದುವೆಯೂ ಇರಲಿಲ್ಲ.

ಆ ಹೊತ್ತಿನಲ್ಲಿ ಅವನು ಇಂಡಿ ಪಟ್ಟಣದ ಲಿಂಬೆ ಮಾರುಕಟ್ಟೆಯ ಹೊರಗೆ ತನ್ನ ಟೆಂಪೋದ ನೆರಳಿನಲ್ಲಿ ಕುಳಿತು ರೊಟ್ಟಿ, ಪುಂಡಿಪಲ್ಲೆ ತಿನ್ನುತ್ತಿದ್ದ. ಇಪ್ಪತ್ತೆರಡು ವರ್ಷಗಳಿಂದ ಆ ಟೆಂಪೋ ಸಿಂದಗಿಯಿಂದ ಇಂಡಿಗೆ ಮಂದಿಯನ್ನು ಒಯ್ಯುತ್ತದೆ, ಇಂಡಿಯಿಂದ ಸಿಂದಗಿಗೆ ಲಿಂಬೆಯ ಚೀಲಗಳನ್ನೂ, ಚೀಲಗಳ ಸಂದಿಯಲ್ಲಿ ಹಿಡಿದಷ್ಟು ಮಂದಿಯನ್ನೂ ತರುತ್ತದೆ. ಒಮ್ಮೆ ಹತ್ತಿದವರು "ಚಮನಣ್ಣಾ, ನನ್ನ ನಂಬರ ಹಾಕ್ಕೋ, ನಾ ಬರೂತನಾ ಗಾಡಿ ಬಿಡಬ್ಯಾಡ" ಎಂದು ಇಳಿಯುತ್ತಿದ್ದರು. ಅವನು ಹಾಕಿಕೊಳ್ಳುತ್ತಿದ್ದ. ಹೆಸರು ಕೇಳುವುದು ಸಂಕೋಚವೆಂದು ಗುರುತು ಬರೆಯುತ್ತಿದ್ದ: 'ಮುಂದಿನ ಸೀಟು ಟೀಚರ', 'ಬಾಗೇವಾಡಿ ಎರಡು ಆಡು', 'ಮುದ್ದೇಬಿಹಾಳ ವಾಂತಿ'. ಹೀಗೆ ನಾಲ್ಕು ತಾಲ್ಲೂಕಿನ ಜನಸಂಖ್ಯೆ ಅವನ ಅಂಗಿಯ ಜೇಬಿನಲ್ಲಿ ಸುಖವಾಗಿ ವಾಸವಾಗಿತ್ತು.

ಎರಡನೆಯ ರೊಟ್ಟಿ ಮುರಿಯುವಾಗ ಲಿಂಬೆ ವ್ಯಾಪಾರಿ ಗುರಪ್ಪನಿಂದ ಸಂದೇಶ ಬಂತು. "ನಮ್ಮ ಮನೆಯ ಮದುವೆ. ಇದೇ ಹದಿನೆಂಟು, ರವಿವಾರ. ತಾವು ಸಹಕುಟುಂಬ ಬರಬೇಕು." ಅದರ ಕೆಳಗೆ ಕಾರ್ಡು. ಮದುವೆಯ ಕಾರ್ಡನ್ನು ಎಂಜಲುಗೈಯಲ್ಲಿ ತೆಗೆಯಬಾರದು, ಎಡಗೈಯಲ್ಲಂತೂ ಮುಟ್ಟಲೇಬಾರದು. ಚಮನಸಾಬ ಎದ್ದು ಹೋಗಿ ಬಲಗೈ ತೊಳೆದುಕೊಂಡು, ಲುಂಗಿಗೆ ಒರೆಸಿಕೊಂಡು ಬಂದು, ಮರ್ಯಾದೆಯಿಂದ ಒತ್ತಿದ.

ಫೋನು ಎಚ್ಚರಿಸಿತು. ಈ ಫೈಲಿನಿಂದ ನಿಮಗೆ ಹಾನಿಯಾಗಬಹುದು, ಆದರೂ ತೆರೆಯಬೇಕೆ?

ಚಮನಸಾಬನಿಗೆ ಸಿಟ್ಟು ಬಂತು. "ಏ, ಗುರಪ್ಪಣ್ಣ ಅಂದ್ರ ಯಾರಂತ ತಿಳದಿ? ಹದಿನೆಂಟು ವರ್ಷ ಒಂದ ಬೀಡಿ ಹಂಚಿಕೊಂಡೇವಿ. ಅವನಿಂದ ನನಗ ಹಾನಿ? ಹೊಲಸು ಫೋನ!" ಎಂದು ಬೈದು ಒತ್ತಿದ. ಫೋನು ಮತ್ತೆ ಕೇಳಿತು. ನಿಮ್ಮ ಪರಿಚಯದವರ ಹೆಸರು ನೋಡಲೇ? ಸರಿ. ನಿಮ್ಮ ಸಂದೇಶಗಳನ್ನು ಓದಲೇ? ಸರಿ. ನಿಮ್ಮ ಪರವಾಗಿ ಕಳಿಸಲೇ? ಸರಿ. ಮದುವೆಗೆ ಕರೆದವರು ಯಾವೂರು, ಎಷ್ಟು ಮಂದಿ, ಯಾರ್ಯಾರು ಬರುತ್ತೀರಿ ಎಂದು ಕೇಳುವುದು ಲೋಕರೂಢಿ. ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ಕರೆಸಿಕೊಂಡವರ ಧರ್ಮ. ಧರ್ಮದಲ್ಲಿ ಚಮನಸಾಬ ಯಾರಿಗೂ ಕಡಿಮೆಯಿರಲಿಲ್ಲ.

ಕಾರ್ಡು ತೆರೆಯಲಿಲ್ಲ. ಒಂದು ಚಕ್ರ ಸುಮ್ಮನೆ ತಿರುಗಿ ಮಾಯವಾಯಿತು. "ದೊಡ್ಡ ಮಂದಿ. ಕಾರ್ಡೂ ಸಾವಕಾಶ ತೆರೀತಾವ" ಎಂದು ಅವನು ಉಳಿದ ರೊಟ್ಟಿ ಮುಗಿಸಿದ.

ತಿರುಗಿ ಹೊರಟಾಗ ಮುಂದಿನ ಸೀಟಿನಲ್ಲಿ ಎಂದಿನಂತೆ ಸುವರ್ಣಾ ಟೀಚರು. ಫೋನು ನೋಡುತ್ತಿದ್ದವರು ತಟ್ಟನೆ ಅವನ ಕಡೆ ತಿರುಗಿದರು.

"ಅಲ್ಲ ಚಮನಣ್ಣ, ಗುಲನಾಜನ್ನ ಎಲ್ಲಿ ಕೊಟ್ರಿ?"

"ಎಲ್ಲಿ ಕೊಟ್ನಿರಿ? ಮನ್ಯಾಗ ಅದಾಳಲ್ರಿ."

"ಮದುವಿ ಕಾರ್ಡು ಬಂತಲ್ಲ."

"ಯಾರ್ದರಿ?"

"ನಿಮ್ದ!"

ಚಮನಸಾಬ ಗೇರು ತಪ್ಪಿಸಿದ. ಹಿಂದಿನಿಂದ ಹದಿನಾಲ್ಕು ಬಾಯಿಗಳು ಒಮ್ಮೆಲೆ "ಮುಬಾರಕ" ಎಂದವು. ಸಿಂದಗಿ ಮುಟ್ಟುವಷ್ಟರಲ್ಲಿ ಮೂವತ್ತೊಂದು ಫೋನು ಬಂದವು. ಬಾಗೇವಾಡಿಯ ಎರಡು ಆಡಿನವನು ಊಟಕ್ಕೆ ಏನು ಎಂದು ಕೇಳಿದ. ಮುದ್ದೇಬಿಹಾಳದ ವಾಂತಿಯವನು ಬಸ್ಸಿನ ಸಮಯ ಕೇಳಿದ. ಇಷ್ಟು ಮಂದಿ ಇಷ್ಟು ಖಚಿತವಾಗಿ ಹೇಳುವಾಗ ಒಬ್ಬ ಮನುಷ್ಯ ಎಷ್ಟು ಹೊತ್ತು ತನ್ನ ಅರಿವನ್ನೇ ನಂಬಿಕೊಂಡು ಕೂಡಬಲ್ಲ? ಯಂಕಂಚಿಯ ಅಗಸಿ ಬಾಗಿಲ ಹತ್ತಿರ ಬರುವ ಹೊತ್ತಿಗೆ ಚಮನಸಾಬನಿಗೂ ಖಾತ್ರಿಯಾಗಿತ್ತು: ಮಗಳ ಮದುವೆ ಗೊತ್ತಾಗಿದೆ, ತನಗೆ ಹೇಳಿಲ್ಲ, ಅಷ್ಟೆ.

ಮನೆಯ ಹೊಸ್ತಿಲಲ್ಲಿ ಹೆಂಡತಿ ಸಿದ್ದೀಕಾ ಸವುಟು ಹಿಡಿದು ನಿಂತಿದ್ದಳು. ಪಕ್ಕದ ಮನೆಯ ಗುಂಡವ್ವ ಆಗಲೇ ಬಂದು, ಒಂದು ಬೊಗಸೆ ಸಕ್ಕರೆ ಕೊಟ್ಟು, ಹೊಟ್ಟೆ ತುಂಬ ವಿಷಯ ತಿಳಿದುಕೊಳ್ಳಲು ನೋಡಿ, ಏನೂ ಸಿಗದೆ ಕಟ್ಟೆಯ ಮೇಲೆ ಕಾದು ಕುಳಿತಿದ್ದಳು.

"ಸಿದ್ದೀಕಾ, ಖರೆ ಹೇಳು. ಹುಡುಗ ಯಾರು?"

"ನನ್ನ ಕೇಳ್ತೀರಿ? ಇಪ್ಪತ್ತಾರು ವರ್ಷದಾಗ ನನ್ನ ಕೇಳಿ ಒಂದ ಕುರಿ ತಂದಿಲ್ಲ. ಈಗ ಸೀದಾ ಅಳಿಯನ್ನ ತಂದೀರಿ!"

"ನಾ ತಂದಿಲ್ಲ. ನೀ ನಿಮ್ಮ ಅಣ್ಣನ ಜೋಡಿ ಮಾತಾಡಿರಬೇಕು."

"ನಮ್ಮಣ್ಣ ಯಾಕ ಮಾತಾಡ್ತಾನ? ನೀವು ಆ ಗುರಪ್ಪನ ಮುಂದ ಹೂಂ ಅಂದು ಬಂದಿರಬೇಕು. ಯಾರ ಏನು ಕೇಳಿದ್ರೂ ಹೂಂ ಅಂತೀರಿ ನೀವು!"

"ಹುಡುಗ ಏನ ಮಾಡ್ತಾನ, ಅದಾದ್ರೂ ಹೇಳು."

"ನನಗ ಗೊತ್ತಿಲ್ಲ. ಆದ್ರ ನನಗ ಮನಸ್ಸಿಗಿಲ್ಲ ಆ ಹುಡುಗ!"

"ನನಗೂ ಇಲ್ಲ!"

ಕಟ್ಟೆಯ ಮೇಲಿನ ಗುಂಡವ್ವ ನಡುವೆ ಬಂದಳು. "ಇಬ್ಬರಿಗೂ ಬ್ಯಾಡಂದ್ರ ಯಾಕ ಕೊಡ್ತೀರೋ ಯಪ್ಪಾ, ಹುಡುಗಿ ಏನ ಹೆಚ್ಚಾಗ್ಯಾಳ?"

ಆಗ ಹುಡುಗಿ ಒಳಗಿನಿಂದ ಬಂದಳು. ಗುಲನಾಜ ವಿಜಯಪುರದಲ್ಲಿ ಎಂ.ಸಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಹತ್ತೊಂಬತ್ತನೆಯ ತಾರೀಖು ಸೋಮವಾರ ಅವಳ ಕೊನೆಯ ಪರೀಕ್ಷೆ ಸುರುವಾಗುವುದಿತ್ತು. ಓದಲೆಂದೇ ಮನೆಗೆ ಬಂದಿದ್ದವಳು, ಬೆರಳನ್ನು ಪುಸ್ತಕದ ಸಂದಿಯಲ್ಲಿ ಗುರುತಿಗೆ ಇಟ್ಟುಕೊಂಡೇ ಅಪ್ಪನ ಫೋನು ಇಸಿದುಕೊಂಡಳು. ನೋಡಿದಳು. ಇಂಟರ್‌ನೆಟ್ಟು ಬಂದ್ ಮಾಡಿದಳು.

"ಅಬ್ಬಾ, ಇದಕ್ಕ 'ಸರಿ' ಅಂತ ಎಷ್ಟು ಸಲ ಒತ್ತೀರಿ?" ಎಂದು ಅಪ್ಪನನ್ನು ಕೇಳಿದಳು.

"ಕೇಳಿದಷ್ಟು ಸಲ."

"ಇದು ಕಾರ್ಡಲ್ಲ. ಕಾರ್ಡಿನ ವೇಷದಾಗ ಬಂದ ಕಳ್ಳ. ಗುರಪ್ಪ ಕಾಕಾ ಕಳಿಸಿಲ್ಲ. ಅವರ ಫೋನಿನ್ಯಾಗ ಹೊಕ್ಕು ಇದ ಎಲ್ಲಾರಿಗೂ ಕಳಿಸೈತಿ. ಈಗ ನಿಮ್ಮ ಫೋನಿನಿಂದ ಆರುನೂರು ಮಂದಿಗೆ ಹೋಗೈತಿ. ಬ್ಯಾಂಕಿನಿಂದ ಬರೂ ಸಂದೇಶ ಓದಿ ರೊಕ್ಕ ಎತ್ತಾಕ ಕುಂತಿತ್ತು."

ಬ್ಯಾಂಕಿನ ಖಾತೆ ನೋಡಿದರು. ಕಳ್ಳ ಒಳಗೆ ಹೊಕ್ಕು ನಾಲ್ಕೂ ಮೂಲೆ ನೋಡಿ, ಕನಿಕರದಿಂದ ಬಾಗಿಲು ಮುಂದೆ ಮಾಡಿಕೊಂಡು ಹೋದಂತಿತ್ತು. ಏನನ್ನೂ ಮುಟ್ಟಿರಲಿಲ್ಲ. ಮುಟ್ಟಲು ಏನೂ ಇರಲಿಲ್ಲ.

ಗುಲನಾಜ ಆ ಕಳ್ಳನನ್ನು ಹೊರಗೆ ಹಾಕಿ, ಕಾರ್ಡು ಹೋದವರನ್ನೆಲ್ಲ ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿದಳು. ಗುಂಪಿನ ಹೆಸರು 'ಕಾರ್ಡು ತೆರೀಬ್ಯಾಡ್ರಿ'. ಅದರಲ್ಲಿ ಮೊದಲು ಬಂದ ಸಂದೇಶ ಕಾರ್ಡೇ. ಯಾರೋ ಪುಣ್ಯಾತ್ಮರು "ಇದ ಏನ್ರಿ?" ಎಂದು ಕೇಳಿ ಅದನ್ನೇ ಗುಂಪಿಗೆ ಹಾಕಿದ್ದರು. ಆ ತನಕ ತೆರೆಯದೆ ಉಳಿದವರೂ ಈಗ ತೆರೆದರು.

"ಅಬ್ಬಾ, ನಿಮ್ಮ ಬಾಯಿಲೆ ಹೇಳ್ರಿ, ಮಂದಿ ನಂಬ್ತಾರ" ಎಂದಳು ಮಗಳು. ಚಮನಸಾಬ ಗಂಟಲು ಸರಿಮಾಡಿಕೊಂಡು ದನಿಮುದ್ರಿಸಿದ. "ನಮಸ್ಕಾರ್ರಿ, ನಾ ಚಮನಸಾಬ. ಕಾರ್ಡು ತೆಗೀಬ್ಯಾಡ್ರಿ. ಅದು ಖೊಟ್ಟಿ ಐತಿ. ಮದುವಿ ಇಲ್ಲ. ಮಾಫ ಮಾಡ್ರಿ."

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ತಪ್ಪು ತಿಳಿಯಲು ಜಾಗವೆಲ್ಲಿದೆ ಎಂದು ಓದುಗರು ಕೇಳಬಹುದು. ನಮ್ಮ ಕಡೆಯ ಮಂದಿಯನ್ನು ಓದುಗರು ಅಷ್ಟು ಹಗುರವಾಗಿ ತಿಳಿಯಬಾರದು. ಮರುದಿನ ಮುಂಜಾನೆ ಚಹಾದ ಹೊತ್ತಿಗೆ ನಾಲ್ಕೂ ತಾಲ್ಲೂಕಿನಲ್ಲಿ ಸುದ್ದಿ ಒಂದೇ: ಚಮನಸಾಬನ ಮಗಳ ಮದುವೆ ಮುರಿಯಿತು.

ಕಾರಣಗಳು ಮಾತ್ರ ಊರಿಗೊಂದು. ಸಿಂದಗಿಯವರ ಪ್ರಕಾರ ಹುಡುಗ ಕುಡಿಯುತ್ತಿದ್ದ. ಇಂಡಿಯವರ ಪ್ರಕಾರ ಹುಡುಗನಿಗೆ ಮೊದಲೇ ಒಂದು ಸಂಸಾರವಿತ್ತು. ಮುದ್ದೇಬಿಹಾಳದಲ್ಲಿ ಅದು ಮೋಟಾರ್‌ಸೈಕಲ್ಲಿನ ತಂಟೆ, ಬಾಗೇವಾಡಿಯಲ್ಲಿ ಹುಡುಗನಿಗೆ ಎಡಗಿವಿ ಮಂದ. ಹುಟ್ಟದೆ ಇದ್ದ ವರನೊಬ್ಬನಿಗೆ ಒಂದೇ ರಾತ್ರಿಯಲ್ಲಿ ಇಷ್ಟೊಂದು ಕುಂದು ಅಂಟಿದ್ದು ಇತಿಹಾಸದಲ್ಲಿ ಇದೇ ಮೊದಲು. ಆದರೆ ಮಧ್ಯಾಹ್ನದ ಹೊತ್ತಿಗೆ ವರ ಎಲ್ಲಾ ಊರಿನಲ್ಲೂ ಖುಲಾಸೆಯಾದ. ಎಲ್ಲಾ ದಾರಿಗಳೂ ಬಂದು ಒಂದೇ ಕಡೆ ಕೂಡಿದವು: ಹುಡುಗಿ ಓದಿದ್ದು ಹೆಚ್ಚಾಯಿತು.

ಇದನ್ನು ಕೇಳಿ ಚಮನಸಾಬ ಪೊಲೀಸ್ ಠಾಣೆಗೆ ಹೋದ. ಯಾವ ಠಾಣೆಯೆಂದು ಕೇಳಬೇಡಿ. ಒಂದು ಠಾಣೆ, ಅದಕ್ಕೊಂದು ಬೇವಿನ ಗಿಡ, ಗಿಡದ ಕೆಳಗೆ ಹವಾಲ್ದಾರ ಅನಿಲಕುಮಾರ. ಅನಿಲಕುಮಾರ ಸೈಬರ್ ಅಪರಾಧದ ಬಗ್ಗೆ ಎರಡು ದಿನದ ತರಬೇತಿಗೆ ಹೋಗಿ ಬಂದಿದ್ದ. ಪ್ರಮಾಣಪತ್ರ ಮೇಜಿನ ಗಾಜಿನ ಕೆಳಗಿತ್ತು.

"ನಿಮ್ಮಂಥಾ ಮಂದಿಯಿಂದನ ದೇಶ ಹಾಳಾಗಾಕತ್ತೈತಿ" ಎಂದು ಅವನು ಸುರು ಮಾಡಿದ. "ಗುರ್ತ ಇಲ್ಲದ್ದನ್ನ ಒತ್ತಬಾರದು ಅಂತ ಸರಕಾರ ಫೋನಿನ್ಯಾಗ ಹಾಡಿ ಹಾಡಿ ಹೇಳ್ತೈತಿ. ಒತ್ತಿದ್ಯಾಕ?"

"ಗುರ್ತ ಇದ್ದವರ ಕಳಿಸಿದ್ರಲ್ರಿ, ಸಾಹೇಬ್ರ."

"ಎದುರು ಮಾತಾಡಬ್ಯಾಡ. ನನಗೂ ಬಂದೈತಿ ನಿನ್ನ ಕಾರ್ಡು. ನಾ ಒತ್ತೀನೇನು? ಇಲ್ಲ. ಯಾಕ? ತರಬೇತಿ." ಅನಿಲಕುಮಾರ ಕಾಗದ ತೆಗೆದು ದೂರು ಬರೆಯತೊಡಗಿದ. ನಾಲ್ಕನೆಯ ಸಾಲಿಗೆ ಪೆನ್ನು ನಿಂತಿತು. "ಕಾರ್ಡಿನ್ಯಾಗ ಏನೇನೈತಿ ಅಂತ ಬರೀಬೇಕಾಗತೈತಿ. ಪಂಚನಾಮಿ ಅಂದ್ಮ್ಯಾಲೆ ಎಲ್ಲಾ ಬಿಡಿಸಿ ನೋಡಬೇಕು."

"ಸಾಹೇಬ್ರ, ನಮ್ಮ ಹುಡುಗಿ ಬ್ಯಾಡಂತ..."

"ಕಾಯ್ದಾ ನಿನಗ ಗೊತ್ತೋ, ನನಗ ಗೊತ್ತೋ?" ಎಂದು ಅನಿಲಕುಮಾರ ಕಾಯ್ದೆಯ ಪ್ರಕಾರ ಒತ್ತಿದ.

ಗುರುವಾರ ಅವನ ಫೋನಿನಿಂದ ಹೋದ ಕಾರ್ಡುಗಳು ಮೇಲಿನ ಸಾಹೇಬರಿಗೂ ಮುಟ್ಟಿದವು, ಕೋರ್ಟಿನ ಗುಮಾಸ್ತರಿಗೂ ಮುಟ್ಟಿದವು. ಹಬ್ಬಕ್ಕೆ ಮೊದಲು ಠಾಣೆಗೆ ಕರೆಸಿ ತಾಕೀತು ಮಾಡಲೆಂದು ಅವನು ನಂಬರು ಇಟ್ಟುಕೊಂಡಿದ್ದ ಹಳೆಯ ಕಳ್ಳರಿಗೂ ಮುಟ್ಟಿದವು. ಸಾಹೇಬರಾರೂ ಬರಲಿಲ್ಲ. ಕಳ್ಳರು ಎಂಟು ಮಂದಿ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಂದು ಹಿತ್ತಾಳೆ ಹಂಡೆಗೆ ಅರಿಸಿನ ಹಚ್ಚಿ, ಅದನ್ನು ಮದುವೆಯ ಆಯೇರಿಯೆಂದು ಉಡುಗೊರೆ ತಂದರು. ಹಂಡೆ ಎಲ್ಲಿಯದೆಂದು ಕೇಳುವ ಧೈರ್ಯ ಠಾಣೆಯಲ್ಲಿ ಯಾರಿಗೂ ಆಗಲಿಲ್ಲ. ಅನಿಲಕುಮಾರನಿಗೆ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಅವನ ಹೆಂಡತಿಗೂ ಕಾರ್ಡು ಹೋಗಿತ್ತು. ಆ ರಾತ್ರಿಯಿಂದ ಅವನು ಠಾಣೆಯಲ್ಲೇ ಮಲಗುತ್ತಿದ್ದಾನೆಂದೂ, ಕೆಲಸದ ಮೇಲೆ ಅವನಿಗಿರುವ ನಿಷ್ಠೆಯನ್ನು ಮೇಲಿನವರು ಮೆಚ್ಚಿದ್ದಾರೆಂದೂ ತಿಳಿದುಬಂದಿದೆ.

ಶುಕ್ರವಾರದ ಹೊತ್ತಿಗೆ ನಾಲ್ಕು ತಾಲ್ಲೂಕಿನಲ್ಲಿ ಮದುವೆ ಇಲ್ಲದ ಮನೆಯೇ ಇರಲಿಲ್ಲ. ಎಪ್ಪತ್ತೊಂದು ವರ್ಷದ ಗುಂಡವ್ವನ ಫೋನಿನಿಂದಲೂ ಕಾರ್ಡು ಹೋಯಿತು. ಮೊಮ್ಮಕ್ಕಳು ಫೋನು ಮಾಡಿ "ಯಾರ ಮದುವಿ, ಆಯಿ?" ಎಂದರೆ ಅವಳು, "ನಂದಂತ. ಹುಡುಗ ಇನ್ನಾ ಗೊತ್ತಾಗಿಲ್ಲ. ಬರ್ರಿ ನೀವು, ಅಷ್ಟರಾಗ ಆಗತೈತಿ" ಎನ್ನುತ್ತಿದ್ದಳು.

ಅನಿಲಕುಮಾರನ ಕಾರ್ಡಿಗೆ ಮಂದಿ ನಕ್ಕು ಮರೆತರು. ಗುಂಡವ್ವನ ಕಾರ್ಡಿಗೆ ನಕ್ಕು ಕಣ್ಣೊರೆಸಿಕೊಂಡರು. ಗುಲನಾಜಳ ಕಾರ್ಡಿಗೆ ಮಾತ್ರ ಯಾರೂ ನಗಲಿಲ್ಲ. ಅವಳಿಗೆ ಇಪ್ಪತ್ಮೂರು ವರ್ಷ. ಮುರಿದದ್ದು ಹದಿನೆಂಟರೊಳಗೆ ಮತ್ತೆ ಕೂಡೀತೆಂದು ಮಂದಿ ತಾರೀಖು ಎಣಿಸತೊಡಗಿದರು.

ಶನಿವಾರ ಹತ್ತೂವರೆಯ ಬಸ್ಸಿಗೆ ಕೊಲ್ಹಾರದಿಂದ ಚಮನಸಾಬನ ಅಕ್ಕ ಖಾತುನಬಿ ಬಂದಿಳಿದಳು. ಸಿಟ್ಟಿನಲ್ಲಿ ಬಂದಿದ್ದಳು, ಆದರೂ ಕೈಯಲ್ಲಿ ಮೊಸರಿನ ಗಡಿಗೆ ಇತ್ತು. ಕೊಲ್ಹಾರದವರ ಸಿಟ್ಟೇ ಬೇರೆ, ಮೊಸರೇ ಬೇರೆ. ಒಂದು ಇನ್ನೊಂದನ್ನು ಹುಳಿ ಮಾಡುವುದಿಲ್ಲ. ಗಡಿಗೆಯನ್ನು ಹುಷಾರಾಗಿ ಸಿಂಬೆಯ ಮೇಲಿಟ್ಟು, ಸೆರಗು ಬಿಗಿದು, ಆಮೇಲೆ ಬಾಯಿ ತೆಗೆದಳು.

"ಕೊಲ್ಹಾರ ಡ್ಯಾಮಿನ ನೀರಾಗ ಮುಳುಗಿದಾಗ ಮನಿ ಹೋತು, ಅತ್ತಿಲ್ಲ. ಇವತ್ತ ಅಳಾಕತ್ತೇನಿ. ಇಡೀ ಜಿಲ್ಲಾಕ್ಕ ಕಾರ್ಡು ಕೊಟ್ಟು ಒಡಹುಟ್ಟಿದಾಕಿನ್ನ ಬಿಟ್ಟಿಯಲ್ಲೋ!"

"ಆಪಾ, ನಾ ಯಾರಿಗೂ ಕೊಟ್ಟಿಲ್ಲ."

"ಸುಳ್ಳ ಹೇಳಬ್ಯಾಡ. ನಮ್ಮ ಓಣ್ಯಾಗ ಮೀನು ಮಾರಾಂವಗ ಬಂದೈತಿ. ಮುದ್ದೇಬಿಹಾಳದಾಗ ನಿನ್ನ ಗಾಡ್ಯಾಗ ಒಮ್ಮೆ ವಾಂತಿ ಮಾಡ್ಕೊಂಡಾವಗ ಬಂದೈತಿ. ನನಗ್ಯಾಕ ಬಂದಿಲ್ಲ?"

ಚಮನಸಾಬ ಅಪರಾಧಿಯಂತೆ ನಿಂತ. ಸತ್ಯ ಹೇಳಿದ. "ನಿನ್ನ ನಂಬರ ನನಗ ಬಾಯಿಪಾಠ ಐತಿ, ಆಪಾ. ಅದಕ ಫೋನಿನ್ಯಾಗ ಹಾಕಿಲ್ಲ. ನೀ ಎದಿಯಾಗ ಅದಿ."

"ಎದಿಯಾಗ ಇದ್ದವರಿಗೆ ಕಾರ್ಡು ಮುಟ್ಟೂದಿಲ್ಲೇನು?"

ಗುಲನಾಜ ನಡುವೆ ಬಂದಳು. "ಫೂಪಿ, ಅದು ಕಾರ್ಡಲ್ಲ, ವೈರಸ್. ಬರಲಿಲ್ಲಂದ್ರ ನಿಮ್ಮ ಪುಣ್ಯಾ."

"ಏನರ ಇರಲಿ! ಎಲ್ಲಾರಿಗೂ ಕೊಟ್ಟ ವೈರಸ್ ನನಗ್ಯಾಕಿಲ್ಲ? ನಾ ಏನ ಹೊರಗಿನಾಕಿನಾ? ಈಗಿಂದೀಗ ಕಳಿಸು. ಕಳಿಸಿದ್ರ ಈ ಮನಿ ನೀರು ಕುಡೀತೀನಿ, ಇಲ್ಲಾಂದ್ರ ಇಲ್ಲ."

ಬಿಸಿಲು ಜೋರಿತ್ತು. ಅಕ್ಕನ ಗಂಟಲು ಒಣಗಿದ್ದು ಕಾಣುತ್ತಿತ್ತು. ಚಮನಸಾಬ ಫೋನು ತೆಗೆದ. ಗುಂಪಿನಲ್ಲಿ ಬಿದ್ದಿದ್ದ ಕಾರ್ಡನ್ನು ಹುಡುಕಿ, ಬಾಯಿಪಾಠದ ನಂಬರನ್ನು ಒಂದೊಂದೇ ಅಂಕಿ ಒತ್ತಿದ. ಕೊನೆಯ ಅಂಕಿಗೆ ಮಗಳು ಫೋನು ಕಸಿದುಕೊಂಡಳು. ಖಾತುನಬಿ ಗೋಳೋ ಎಂದು ಅತ್ತಳು. ಅಳುತ್ತಳುತ್ತಲೇ ಅವಳಿಗೊಂದು ಉಪಾಯ ಹೊಳೆಯಿತು. ಕಣ್ಣೀರು ಅಲ್ಲಿಗೇ ನಿಂತಿತು.

"ಇರಲಿ ಬಿಡು. ಹೆಂಗೂ ತಾರೀಖು ಗೊತ್ತಾಗೈತಿ, ಮಂದಿಗೂ ಹೇಳಿ ಮುಗದೈತಿ. ಹುಡುಗ ಅಷ್ಟ ಬೇಕು. ನಮ್ಮ ಸರ್ಫರಾಜಗ ಮಾಡ್ಕೋತೇನಿ. ಆಗ ಕಾರ್ಡು ಯಾರಿಗೆ ಬೇಕು? ನಾನ ಮದುವಿ ಮನಿಯಾಕಿ."

ಅವಳ ಮಗ ಸರ್ಫರಾಜನಿಗೆ ಮುದ್ದೇಬಿಹಾಳದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಒಳ್ಳೆಯ ಹುಡುಗ. ಮಾವನ ಕಾರ್ಡು ತನ್ನ ಫೋನಿನಲ್ಲಿ ತೆರೆಯದಿದ್ದಾಗ, ಪಾಪ, ರಿಪೇರಿಗೆ ಬಂದಿದ್ದ ಗಿರಾಕಿಗಳ ಹನ್ನೊಂದು ಫೋನಿನಲ್ಲೂ ತೆರೆದು ನೋಡಿದ್ದ. "ಅಷ್ಟು ಕಕ್ಕುಲಾತಿ ನಿಮ್ಮ ಮ್ಯಾಲೆ" ಎಂದಳು ಖಾತುನಬಿ. ಗುಲನಾಜ ತಲೆಯ ಮೇಲೆ ಕೈ ಹೊತ್ತಳು. ನಾಚಿಕೆ ಎಂದುಕೊಂಡರು.

ಹನ್ನೊಂದನೆಯ ತಾರೀಖು ರವಿವಾರ ಊರ ಗ್ರಂಥಾಲಯವಾದ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಗುಲನಾಜ ಊರವರನ್ನು ಕರೆದಳು. ಬಿಡಿಸಿ ಹೇಳಿದರೆ ತಿಳಿಯುತ್ತದೆ ಎಂಬ ನಂಬಿಕೆ ಅವಳದು. ಪುಸ್ತಕ ಓದುವವರಿಗೆ ಇರುವ ರೋಗ ಅದೊಂದೇ. ಊರೆಲ್ಲ ಬಂತು. ಮೊದಲ ಕುರ್ಚಿಯಲ್ಲಿ ರಾವಸಾಬ ಗೌಡರು ಕುಳಿತರು. ಪಂಚಾಯಿತಿಯ ಮಾಜಿ ಅಧ್ಯಕ್ಷರು. ಯಾವ ಜಾತಿಯವರ, ಯಾವ ಧರ್ಮದವರ ಮನೆಯ ಮದುವೆಯಾಗಲಿ, ಸಾವಾಗಲಿ, ಯಂಕಂಚಿಯಲ್ಲಿ ಮೊದಲ ಕುರ್ಚಿ ಅವರದು, ಕೊನೆಯ ಮಾತೂ ಅವರದು.

ಗುಲನಾಜ ಸುಣ್ಣದ ಕಡ್ಡಿ ಹಿಡಿದು ಸುರು ಮಾಡಿದಳು.

"ವೈರಸ್ ಅಂದ್ರ ಗಿಡದ ಮ್ಯಾಲಿನ ಬದನಿಕಿ ಇದ್ದಂಗ. ತನಗ ನೆಲದಾಗ ಬೇರಿಲ್ಲ. ಇನ್ನೊಂದು ಗಿಡಕ್ಕ ಹತ್ತಿಕೊಂಡು, ಅದರ ರಸ ಹೀರಿ ಬೆಳೀತೈತಿ."

"ನಮ್ಮ ಸಣ್ಣ ಮೈದುನ" ಎಂದಳು ಗುಂಡವ್ವ, ನಿಟ್ಟುಸಿರು ಬಿಟ್ಟು.

"ಇನ್ನೊಂದಕ್ಕ ವರ್ಮ್ ಅಂತಾರ. ಹುಳಾ. ಅದಕ್ಕ ಗಿಡಾನೂ ಬ್ಯಾಡ. ಯಾರೂ ಕರೀದಿದ್ರೂ ಮನಿಯಿಂದ ಮನಿಗೆ ತಾನ ಹರದಾಡತೈತಿ."

ಎಲ್ಲರೂ ತಿರುಗಿ ಮದುವೆ ಅಡಿಗೆಯ ರಹಿಮಾಬಿಯನ್ನು ನೋಡಿದರು. "ನನ್ನ ಯಾಕ ನೋಡ್ತೀರಿ?" ಎಂದು ರಹಿಮಾಬಿ ಗದರಿದಳು. "ನಾ ಕರದ ಮನಿಗಷ್ಟ ಹೋಗ್ತೇನಿ. ಈ ಹದಿನೆಂಟಕ್ಕ ನನ್ನ ಕರದಾರ, ಎರಡು ಮದುವಿ ಬಿಟ್ಟು ಕುಂತೇನಿ!"

"ಮೂರನೇದು ಬೇಹುಗಾರ. ಒಳಗ ಕುಂತು ನಾವು ಆಡಿದ್ದು, ಬರದದ್ದು ಎಲ್ಲಾ ಸುಮ್ಕ ಹೊರಗ ಸಾಗಸ್ತೈತಿ."

ಸಿದ್ದೀಕಾ ಗುಂಡವ್ವನನ್ನು ನೋಡಿದಳು. ಗುಂಡವ್ವ ಜಂತಿ ನೋಡಿದಳು.

"ನಾಕನೇದು ನಿಮ್ಮ ಮನಿಗೆ ತನ್ನ ಕೀಲಿ ಜಡದು, ರೊಕ್ಕ ಕೊಟ್ರ ತೆಗೀತೇನಿ ಅಂತೈತಿ."

ಊರ ಸಹಕಾರಿ ಸಂಘದ ಗೋದಾಮಿಗೆ ಆರು ವರ್ಷಗಳಿಂದ ರಾವಸಾಬ ಗೌಡರ ಕೀಲಿ ಇತ್ತು. ಯಾರೂ ಅವರ ಕಡೆ ನೋಡಲಿಲ್ಲ. ಅಷ್ಟು ಮಂದಿ ಅಷ್ಟು ಒಗ್ಗಟ್ಟಿನಿಂದ ಒಬ್ಬರ ಕಡೆ ನೋಡದೆ ಇದ್ದದ್ದು ಯಂಕಂಚಿಯಲ್ಲಿ ಹಿಂದೆಂದೂ ಆಗಿರಲಿಲ್ಲ. ಗೌಡರು ಕೆಮ್ಮಿದರು.

"ನಮಗ ಬಂದದ್ದು ಐದನೇದು. ಟ್ರೋಜನ್ ಅಂತಾರ. ಅದು ಬಾಗಲಾ ಮುರಿಯೂದಿಲ್ಲ. ಬೇಕಾದವರ ವೇಷ ಹಾಕ್ಕೊಂಡು ಬರತೈತಿ. ನಾವ ಚಿಲಕ ತೆಗೀತೇವಿ, ನಾವ ಬರ್ರಿ ಅಂತೇವಿ. ಗುರಪ್ಪ ಕಾಕಾನ ಹೆಸರಿಲೆ ಬಂತು, ಅಬ್ಬಾ ತೆಗೆದ್ರು. ಅಬ್ಬಾನ ಹೆಸರಿಲೆ ಬಂತು, ನೀವು ತೆಗೆದ್ರಿ. ಕಾರ್ಡಿನ್ಯಾಗ ಏನೂ ಇರಲಿಲ್ಲ. ಹೆಣ್ಣಿನ ಹೆಸರಿಲ್ಲ, ಗಂಡಿನ ಹೆಸರಿಲ್ಲ. ಅದನ್ನ ಯಾರೂ ಓದಿಲ್ಲ, ಆದ್ರೂ ಎಲ್ಲಾರೂ ಓದೇವಿ ಅಂತೀರಿ. ಮದುವಿ ಇಲ್ಲ. ಇರಲಿಲ್ಲ."

ಚಪ್ಪಾಳೆ ಬಿತ್ತು. ಗೌಡರೂ ತಟ್ಟಿದರು. ಎದ್ದು ನಿಂತರು.

"ಭಾಳ ಚಂದ ಹೇಳಿದಿ, ತಂಗಿ. ಎಲ್ಲಾ ತಿಳೀತು. ಈಗ ಮದುವಿ ವಿಚಾರಕ್ಕ ಬರೂಣು."

ಗುಲನಾಜಳ ಕೈಯ ಸುಣ್ಣದ ಕಡ್ಡಿ ಹಲಗೆಯ ಮೇಲೇ ನಿಂತಿತು.

"ಕಾರ್ಡು ಖೊಟ್ಟಿ ಇರಬಹುದು. ಮಂದಿ ಖೊಟ್ಟಿ ಅಲ್ಲ" ಎಂದರು ಗೌಡರು. "ಹದಿನೆಂಟಕ್ಕ ಮಂದಿ ಬರ್ತಾರ. ಬಾಗೇವಾಡಿಯಿಂದ ಪೆಂಡಾಲ ಬಂದು ಬಿದ್ದೈತಿ. ತನ್ನ ಫೋನಿನಿಂದ ಆದ ತಪ್ಪಿಗೆ ಗುರಪ್ಪ ಶರಬತ್ತಿಗಂತ ಐದು ಚೀಲ ಲಿಂಬಿ ಕಳಿಸ್ಯಾನ. ರಹಿಮಾಬಿ ಖಾಲಿ ಕುಂತಾಳ. ಗಂಡು ಒಂದು ಕಡಿಮಿ ಇತ್ತು, ಅದೂ ಕೊಲ್ಹಾರದಿಂದ ಬಂತು. ಮದುವಿ ಆಗಲಿಲ್ಲಂದ್ರ ಹುಡುಗಿ ಹೆಸರು ಕೆಡತೈತಿ, ಊರ ಹೆಸರೂ ಕೆಡತೈತಿ. ಮುಗೀತು."

"ಹೌದ್ರಿ, ಹೌದ್ರಿ" ಎಂದಿತು ಸಭೆ. ಟ್ರೋಜನ್ ಎಂದರೇನೆಂದು ಈಗಷ್ಟೇ ಕಲಿತವರೆಲ್ಲ ಚಿಲಕ ತೆಗೆದರು.

"ನಾ ಒಲ್ಲೆ" ಎಂದಳು ಗುಲನಾಜ. "ಮರುದಿನ ನಂದು ಪರೀಕ್ಷಾ ಐತಿ."

"ಪರೀಕ್ಷಾ ಎಲ್ಲಿ ಓಡಿಹೋಗತೈತಿ?" ಎಂದರು ಹಿಂದಿನ ಸಾಲಿನವರು.

"ನಾ ಒಲ್ಲೆ, ಗೌಡ್ರ."

"ಹೆಣ್ಣಮಕ್ಕಳು ಮೊದಲ ಹಂಗ ಅಂತಾರ."

"ಫೂಪಿ, ನಾ ಒಲ್ಲೆ."

ಖಾತುನಬಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಒಲ್ಲೆ!" ಎಂದಳು ಗುಲನಾಜ ಇಡೀ ಸಭೆಗೆ. ಗೌಡರು ಅವಳ ತಲೆಯ ಮೇಲಿಂದ ಹಾಯಿಸಿ ಅವಳ ಅಪ್ಪನನ್ನು ನೋಡಿದರು.

"ಚಮನಸಾಬ, ಫೋನ ತೆಗಿ. ಆ ಗುಂಪಿನ್ಯಾಗ ಹೇಳು. ಮದುವಿ ಇಲ್ಲ ಅಂದದ್ದು ತಪ್ಪಾತು, ಮದುವಿ ಐತಿ, ಹದಿನೆಂಟಕ್ಕ ಎಲ್ಲಾರೂ ಬರ್ರಿ. ನಿನ್ನ ಬಾಯಿಲೆ ಬರಲಿ."

ಚಮನಸಾಬ ಎದ್ದ. ಗೌಡರು ಹೇಳಿದ ಮೇಲೆ ಏಳುವುದು ಅವನ ಮೊಣಕಾಲಿಗೆ ರೂಢಿಯಾಗಿತ್ತು. ಫೋನು ತೆಗೆದ. ಮೈಕಿನ ಗುರುತಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದ.

"ನಮಸ್ಕಾರ್ರಿ, ನಾ ಚಮನಸಾಬ. ಗೌಡ್ರು ಇಲ್ಲೇ ನಿಂತಾರ. ಮದುವಿ ಐತಿ ಅಂತ ಹೇಳು ಅಂದ್ರು." ಅವನು ಫೋನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ. "ಹುಡುಗಿ ಒಲ್ಲೆ ಅಂದಳು. ನಾಕ ಸಲ ಅಂದಳು, ನನ್ನ ಕಿವಿಲೆ ಕೇಳೇನಿ. ಅದು ಯಾರ ಫೋನಿನಿಂದನೂ ಬಂದದ್ದಲ್ಲ, ಆಕಿ ಬಾಯಿಂದ ಬಂದದ್ದು. ಹಂಗಾಗಿ ಮದುವಿ ಇಲ್ರಿ. ರಹಿಮಾಬಿ ಬಾಯಿ ಖಾಲಿ ಅದಾಳ, ಯಾರಿಗರ ಬೇಕಾದ್ರ ಕರೀರಿ, ಅಡಿಗಿ ಛಲೋ ಮಾಡ್ತಾಳ. ಇನ್ನೊಂದು. ಹತ್ತೊಂಬತ್ತಕ್ಕ ನನ್ನ ಗಾಡಿ ಇಂಡಿಗೆ ಬರೂದಿಲ್ಲ. ಪರೀಕ್ಷಾ ಮುಗಿಯೂತನಾ ವಿಜಾಪುರಕ್ಕ ಹೊಡೀತೇನಿ. ಲಿಂಬಿ ಚೀಲದವರು ಬ್ಯಾರೆ ಗಾಡಿ ನೋಡ್ಕೋರಿ. ಟೀಚರ, ನೀವೂ."

ಹೆಬ್ಬೆರಳು ಎತ್ತಿದ. ಸಭೆಯಲ್ಲಿದ್ದ ಎಲ್ಲರ ಜೇಬು, ಚೀಲ, ಸೆರಗಿನ ಗಂಟುಗಳು ಒಂದೇ ಸಲಕ್ಕೆ ಟುಣ್ ಎಂದವು. ಗೌಡರ ಜೇಬೂ ಎಂದಿತು.

ಗೌಡರ ಮುಖ ಕೆಂಪಗಾಯಿತು. "ಏನ ಹುಚ್ಚ ಅದಿಯೋ! ಅದನ್ನ ಅಳಿಸು. ಎಲ್ಲಾರ ಫೋನಿನ್ಯಾಗಿಂದ ಒಮ್ಮೆಲೆ ಅಳಿಸಾಕ ಬರತೈತಿ, ನನಗ ಗೊತ್ತೈತಿ. ಅಳಿಸು ಅಂದೆ!"

"ಬರತೈತ್ರಿ, ಗೌಡ್ರ" ಎಂದ ಚಮನಸಾಬ, ಫೋನು ಅಂಗಿಯ ಜೇಬಿಗಿಡುತ್ತ. "ಅಳಿಸೂದಿಲ್ಲ."